ಚರ್ಮದ ಎಳೆ

"ಒಳಗೆ ಕೂತು ಒರೆಸವ್ವ. ಬಾಗಿಲಿಗೇ ಹರವಿಕೊಂಡು ಕೂತಿದ್ದೀಯಲ್ಲ," ಎಂದಳು ಕಿಡೆನ್.

ಜೊಕುಡು ತಲೆ ಎತ್ತಲಿಲ್ಲ. ಕೋಳಿಪುಕ್ಕವನ್ನು ಎಳ್ಳೆಣ್ಣೆಗೆ ಅದ್ದಿ, ಬಟ್ಟಲಿನ ಅಂಚಿಗೊತ್ತಿ ಹೆಚ್ಚಾದದ್ದನ್ನು ಇಳಿಸಿ, ಮತ್ತೆ ಕಬ್ಬಿಣದ ಹೆಣಿಗೆಯ ಮೇಲೆ ಎಳೆದಳು. "ಒಳಗೆ ಬೆಳಕೆಲ್ಲಿದೆ ಮಗ? ಉಂಗುರದ ಸಂದೀಲಿ ಮಣ್ಣು ಕೂತಿದ್ರೆ ಕಾಣಬೇಡ್ವಾ? ಹುಡುಗಿ ಕುಣಿಯುವಾಗ ತುಕ್ಕು ಉದುರಿದ್ರೆ ಬೀಗರು ನಗ್ತಾರೆ."

ಚಾಪೆಯ ಮೇಲಿದ್ದದ್ದು ಜೊಕುಡು ತನ್ನ ಮದುವೆಯಲ್ಲಿ ಕಟ್ಟಿಕೊಂಡಿದ್ದ ನಡುಪಟ್ಟಿ. ಮುಂದುಗಡೆ ಇಳಿಬೀಳುವುದು ಅಂಗೈಗಿಂತ ತುಸು ದೊಡ್ಡದಾದ ಕಬ್ಬಿಣದ ಹೆಣಿಗೆ. ಜೋಳದ ಕಾಳಿನಷ್ಟೇ ಇರುವ ಉಂಗುರಗಳು ಒಂದರೊಳಗೊಂದು ಸಿಕ್ಕಿಕೊಂಡು, ಎತ್ತಿದರೆ ಬಟ್ಟೆಯಂತೆ ಮಡಚಿಕೊಳ್ಳುತ್ತಿದ್ದವು. ಹಿಂದುಗಡೆ ಮೇಕೆಯ ಚರ್ಮವನ್ನು ಹುರಿಯಷ್ಟು ಸಣ್ಣಗೆ ಸೀಳಿ ಮಾಡಿದ ಬಾಲ, ಮಂಡಿಯ ಹಿಂಬದಿಯನ್ನು ಮುಟ್ಟುವಷ್ಟು ಉದ್ದ. ಎರಡನ್ನೂ ಹಿಡಿದಿದ್ದದ್ದು ಕೆಮ್ಮಣ್ಣನ್ನೂ ಎಣ್ಣೆಯನ್ನೂ ಕುಡಿದು ಕುಡಿದು ಕಪ್ಪಗಾದ ಪಟ್ಟಿ. ಹೆಣಿಗೆಯ ಕೆಳಮೂಲೆಯಲ್ಲಿ ಒಂದೇ ಒಂದು ಉಂಗುರ ಮಾತ್ರ ತಾಮ್ರದ್ದು.

ಕಿಡೆನ್ ಮಗಳು ಫ್ಲೋರಾಳ ಮದುವೆಗೆಂದು ಕೊನ್ಯೊಕೊನ್ಯೊ ಪೇಟೆಯಿಂದ ಬೇರೆಯದನ್ನೇ ತಂದಿಟ್ಟಿದ್ದಳು. ಬಣ್ಣದ ಪ್ಲಾಸ್ಟಿಕ್ ಮಣಿ, ತಗಡಿನ ಬಿಲ್ಲೆ, ರೆಕ್ಸಿನ್ ಪಟ್ಟಿ. ಈಗೀಗ ಜೂಬಾದ ಮದುವೆಗಳಲ್ಲಿ ಎಲ್ಲ ಹುಡುಗಿಯರೂ ಕೆಂಪು ಬಟ್ಟೆಯ ಮೇಲೆ ಕಟ್ಟಿಕೊಳ್ಳುವುದು ಅದನ್ನೇ. ಆದರೆ ನಿನ್ನೆ ಸಂಜೆ ಜೊಕುಡು ನದಿಯ ಆಚೆ ದಡದಿಂದ ದೋಣಿ ಹತ್ತಿ ಬಂದು, ಸೋರೆಬುರುಡೆಯ ಮುಚ್ಚಳ ತೆಗೆದು ಇದನ್ನು ಸುರುವಿದಾಗ ಫ್ಲೋರಾ ಕಿರುಚಿಯೇಬಿಟ್ಟಳು. ನೀರು ಸುರಿದಂಥ ಸದ್ದು. "ನಂಗಿದೇ ಬೇಕು. ಅಮ್ಮ ತಂದಿದ್ದನ್ನ ಕೋಳಿಗೆ ಕಟ್ಟಿ."

ಮಗಳು ಹಟ ಹಿಡಿದರೆ ಬಿಡುವವಳಲ್ಲ. ಕಿಡೆನ್ ಆ ತಾಮ್ರದ ಉಂಗುರವನ್ನೇ ನೋಡುತ್ತ ರಾತ್ರಿಯ ಊಟ ಮುಗಿಸಿದ್ದಳು.

ಅವಳ ಕೆಲಸವೇ ಅಂಥದ್ದು. ಕ್ಲಿನಿಕ್ಕಿನ ಪ್ರಯೋಗಾಲಯದಲ್ಲಿ ಕೂತು, ಜ್ವರದವರ ರಕ್ತವನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ಮೂಲೆಯಿಂದ ಮೂಲೆಗೆ ಹುಡುಕುವುದು. ಮೊದಲ ನೋಟಕ್ಕೆ ಏನೂ ಇಲ್ಲವೆನ್ನಿಸಿದ ಗಾಜಿನಲ್ಲಿಯೇ ಎಲ್ಲೋ ಅಂಚಿನಲ್ಲಿ ಒಂದು ಕಣದೊಳಗೆ ರೋಗ ಕೂತಿರುತ್ತದೆ. ತಾನು ಕಾಣುವುದನ್ನು ಉಳಿದವರೂ ಕಾಣುತ್ತಾರೆ ಎಂಬ ಭಯ ಅವಳಿಗೆ ಆ ಕೆಲಸದಿಂದ ಬಂದದ್ದೋ, ಅದಕ್ಕೂ ಮೊದಲಿನದೋ ಹೇಳುವುದು ಕಷ್ಟ.

ಜೊಕುಡುವಿನ ಅಪ್ಪ ಕಮ್ಮಾರ. ಸುತ್ತಲಿನ ಊರುಗಳ ಗುದ್ದಲಿಗಳೆಲ್ಲ ಅವನ ಕುಲುಮೆಯಲ್ಲೇ ಹುಟ್ಟಿದವು. ಆ ಕಾಲದಲ್ಲಿ ಹೆಣ್ಣು ಕೇಳಲು ಹೋಗುವವರು ಆಡು ದನಗಳ ಜೊತೆ ಗುದ್ದಲಿಯನ್ನೂ ಕೊಂಡೊಯ್ಯಬೇಕಿತ್ತು. ಹಾಗಾಗಿ ಅವನಿಲ್ಲದೆ ಯಾರ ಮದುವೆಯೂ ಆಗುತ್ತಿರಲಿಲ್ಲ. ಆದರೆ ಅವನ ಮನೆಯ ಹೆಣ್ಣನ್ನು ಯಾರೂ ತರುತ್ತಿರಲಿಲ್ಲ. ಕಿಡೆನ್‌ಳ ಅಪ್ಪ ತಂದ. ಅವನ ಅಣ್ಣಂದಿರ ಮನೆಯಲ್ಲಿ ಅವ್ವ ನೀರು ಕುಡಿದ ಬುರುಡೆಯನ್ನು ದೊಡ್ಡಮ್ಮ ಬೂದಿ ಹಾಕಿ ಉಜ್ಜುತ್ತಿದ್ದದ್ದನ್ನು ಕಿಡೆನ್ ಕಣ್ಣಾರೆ ಕಂಡಿದ್ದಳು. ಆಮೇಲೆ ಯುದ್ಧ ಬಂತು, ಓಡಿಹೋಗಿ ಉತ್ತರದ ಖಾರ್ಟೂಮಿನ ಗುಡಿಸಲುಗಳನ್ನು ಸೇರಿದರು. ಅಲ್ಲಿ ದಕ್ಷಿಣದವರೆಲ್ಲ ಒಂದೇ ಸಮನೆ ಕೀಳು, ಕಮ್ಮಾರನ ಮೊಮ್ಮಗಳು ಯಾರೆಂದು ಯಾರಿಗೂ ಬೇಕಿರಲಿಲ್ಲ. ಬೇಕಾದದ್ದು ಒಂದೇ ಸಲ. ಕಿಡೆನ್‌ಳನ್ನು ಮೆಚ್ಚಿದ್ದ ಹುಡುಗನೊಬ್ಬನ ಮನೆಯವರು ಅವಳ ತಾಯಿಯ ಕಡೆಯನ್ನು ವಿಚಾರಿಸಿದರು. ಮರುವಾರ ಆ ಹುಡುಗ ನೀರಿನ ಸಾಲಿನಲ್ಲಿ ಅವಳನ್ನು ಕಂಡೂ ಕಾಣದಂತೆ ಕೊಡ ಹೊತ್ತು ನಡೆದ. ಅಂದಿನಿಂದ ಯಾರಾದರೂ ಕೇಳಿದರೆ "ನಮ್ಮವ್ವ ಆಚೆ ದಡದವಳು" ಎನ್ನುವುದಷ್ಟೇ ಅವಳ ಉತ್ತರ. ಗಂಡ ಲಾಕುವಿಗೆ, ನಾದಿನಿ ರೆಜಿನಾಳಿಗೆ ಗೊತ್ತಿತ್ತು. ಅವರು ಅದನ್ನು ಎಂದೂ ಎತ್ತಿ ಆಡಿರಲಿಲ್ಲ.

ಈಗ ಫ್ಲೋರಾಳನ್ನು ಕೇಳಿ ಬಂದಿದ್ದ ಸೊಕಿರಿಯದು ರೆಜಾಫ್ ಗುಡ್ಡದ ಕೆಳಗೆ ನೆಲದ ಹಿರಿತನ ಇದ್ದ ದೊಡ್ಡ ಕುಲದ ಮನೆ. ಮಾತುಕತೆಯೆಲ್ಲ ಗಂಡಸರ ನಡುವೆ ಮರದಡಿಯಲ್ಲಿ ನಡೆದಿತ್ತು. ತಂದೆಯ ಕುಲ ಕೇಳಿದ್ದರು, ಅಷ್ಟಕ್ಕೇ ಮುಗಿದಿತ್ತು. ಇವತ್ತು ಬರುವವರು ಹೆಂಗಸರು.

"ಅವ್ರು ಬಂದು ಏನೇನೋ ಅಂತಾರೆ," ಎಂದಳು ಜೊಕುಡು ಚರ್ಮದ ಬಾಲವನ್ನು ಬೆರಳಿನಿಂದ ಬಾಚುತ್ತ. "ನೀನು ಹೆದರ್ಕೋಬೇಡ. ಅವರ ಬಾಯಿಗೆ ಉತ್ತರ ನಾನು ಕೊಡ್ತೀನಿ. ದೋಣೀಲಿ ಕೂತು ಎಲ್ಲಾ ನೆನೆಸ್ಕೊಂಡು ಬಂದಿದೀನಿ. ಮೊದಲು ಅವ್ರು ಏನ್ ಕೇಳ್ತಾರೆ ಅಂದ್ರೆ—"

"ನೀನು ಬಾಯಿ ಬಿಡಬೇಡ ಅವ್ವ, ನಿನ್ನ ಕೈ ಮುಗೀತೀನಿ. ಸುಮ್ಮನೆ ಕೂತಿರು. ಏನು ಕೇಳಿದ್ರೂ ನಾನು ಹೇಳ್ತೀನಿ."

ಜೊಕುಡು ಪುಕ್ಕವನ್ನು ಬಟ್ಟಲಿನ ಮೇಲೆ ಅಡ್ಡಲಾಗಿ ಇಟ್ಟಳು. "ಸರಿ ಬಿಡು," ಎಂದಳು. ಆದರೆ ಅವಳ ತುಟಿ ಮಾತ್ರ ಒಳಗೊಳಗೇ ಏನನ್ನೋ ಹೇಳಿಕೊಂಡು ನಗುತ್ತಲೇ ಇತ್ತು.

ಬಿಸಿಲು ಏರುವ ಹೊತ್ತಿಗೆ ಬೀದಿಯ ತುದಿಯಲ್ಲಿ ಡೋಲು ಕೇಳಿಸಿತು, ಹಿಂದೆಯೇ ನಾಲಿಗೆ ಹೊರಳಿಸಿ ಕೂಗುವ ಹೆಂಗಸರ ಉಲಿ. ಗಂಡಸರು ಅಂಗಳದ ಬೇವಿನ ಮರದ ಕಡೆ ತಿರುಗಿದರು, ಹೆಂಗಸರು ಸೀದಾ ಒಳಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಇದ್ದವಳು ಸೊಕಿರಿಯ ಸೋದರತ್ತೆ ಲುಚಿಯಾ. ಎತ್ತರದ, ಒಣಗಿದ ಹೆಂಗಸು. ನಡುವಿಗೆ ಸಿಕ್ಕಿಸಿದ ಚುಂಗಾಣಿ, ಕೊರಳಲ್ಲಿ ಇಗರ್ಜಿಯ ಜಪಸರ. ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಚಾಪೆಯ ಮೇಲೆ ಕೂತಳು.

"ಇದೇನು ಬೀದಿನೋ, ಹಿಪ್ಪೋ ಹೊರಳಾಡೋ ಹೊಂಡನೋ? ನಮ್ಮ ಹುಡುಗಿ ಒಬ್ಬಳು ಮುಳುಗಿ ಹೋದ್ಲು. ಮದುವೆ ಆದ್ಮೇಲೆ ಹುಡುಕೋಣ ಅಂತ ಬಿಟ್ಟು ಬಂದ್ವಿ."

ಜೊತೆಯವರು ಹೊಟ್ಟೆ ಹಿಡಿದು ನಕ್ಕರು. ರೆಜಿನಾ ಲವಂಗ ಹಾಕಿದ ಟೀ ತಂದಳು. ಲುಚಿಯಾ ಒಂದು ಗುಟುಕು ಕುಡಿದು ಮುಖ ಕಿವಿಚಿದಳು. "ಟೀ ಕೊಟ್ರೇನವ್ವ, ಮಡಕೆ ತೊಳೆದ ನೀರು ಕೊಟ್ರಾ?"

ಕಿಡೆನ್ ತಟಕ್ಕನೆ ಎದ್ದಳು. "ಬೇರೆ ಮಾಡಿಸ್ತೀನಿ ಅತ್ತೆ."

"ಕೂತ್ಕೊಳ್ಳೇ," ಎಂದು ರೆಜಿನಾ ಅವಳ ತೋಳು ಚಿವುಟಿ, ಲುಚಿಯಾಳ ಕಡೆ ತಿರುಗಿ, "ನಿಮ್ಮೂರಲ್ಲಿ ಮಡಕೆ ತೊಳೀತಾರಾ ಅಂತ ನಮಗೆ ಗೊತ್ತಿರಲಿಲ್ಲ ಬಿಡಿ. ಗೊತ್ತಾಯ್ತು, ಒಳ್ಳೇದಾಯ್ತು," ಎಂದಳು. ಮತ್ತೆ ನಗು. ಗೋಡೆಗೊರಗಿ ಕೂತಿದ್ದ ಜೊಕುಡು ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಿಡೆನ್ ನಗಲು ನೋಡಿದಳು. ಅರಬ್ಬಿ ಮಾತಿನಲ್ಲಿ ಬೆಳೆದವಳು; ಇಂಥ ಮಾತಿನ ಏರಿಳಿತ ಅವಳಿಗೆ ತುಸು ತಡವಾಗಿ ಹತ್ತುತ್ತಿತ್ತು.

"ಆಯ್ತು, ಹುಡುಗಿಗೆ ಕಟ್ಟೋದನ್ನ ತನ್ನಿ. ನೋಡೋಣ."

ರೆಜಿನಾ ಮೊರದಲ್ಲಿಟ್ಟು ತಂದಳು. ಲುಚಿಯಾ ನಡುಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಹೆಣಿಗೆ ಸರ್ರನೆ ಇಳಿದು ಹೊಳೆಯಿತು. ಅವಳ ಜೊತೆ ಬಂದಿದ್ದ ವಯಸ್ಸಾದವರು ಮಾತು ನಿಲ್ಲಿಸಿದರು; ಒಬ್ಬಳು ಮುಂದಕ್ಕೆ ಬಾಗಿ ಮೂಸಿಯೇ ನೋಡಿದಳು. ಲುಚಿಯಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು, ಅಂಗೈಯಲ್ಲಿ ಮುದ್ದೆ ಮಾಡಿದಳು, ಮತ್ತೆ ಬಿಟ್ಟಳು. ಬೆರಳು ಕೆಳಮೂಲೆಗೆ ಬಂದು ನಿಂತಿತು.

"ಒಂದು ತಾಮ್ರದ್ದು," ಎಂದಳು, ತನಗೆ ತಾನೇ.

ಕಿಡೆನ್ ಖಾಲಿ ಮೊರವನ್ನು ಅವಳ ಮುಂದಕ್ಕೆ ತಳ್ಳಿದಳು. ಕಮ್ಮಾರನ ಕೈ ತನ್ನ ಸ್ವಂತ ಮಗಳಿಗೆಂದು ಮಾಡುವಾಗ ಮಾತ್ರ ಹಾಕುವ ಉಂಗುರ ಅದು ಎಂದು ಅವ್ವ ಚಿಕ್ಕಂದಿನಲ್ಲಿ ಹೇಳಿದ್ದಳು.

ಲುಚಿಯಾ ತಲೆ ಎತ್ತಿ, ಹಣೆ ಗಂಟಿಕ್ಕಿ, ಇಡೀ ಮನೆಗೆ ಕೇಳುವಂತೆ ದನಿ ಏರಿಸಿದಳು. "ಏನವ್ವ ಬೀಗಿತ್ತಿ! ನಿಮ್ಮನೆ ಹೆಂಗಸರು ಕುಲುಮೆ ಮುಂದೆ ಕೂತು ತಿದಿ ಒತ್ತಿದವರಾ? ಇದನ್ನ ಹಿಡಿದ್ರೆ ಮೂಗು ತುಂಬ ಮಸಿ ವಾಸನೆ ಬರ್ತಿದೆಯಲ್ಲ!"

ಎಲ್ಲರೂ ಈ ಕಡೆ ತಿರುಗಿದರು. ಗೋಡೆಯ ಬಳಿ ಜೊಕುಡು ನೆಟ್ಟಗಾದಳು. ಸೆರಗನ್ನು ನಡುವಿಗೆ ಬಿಗಿದು, ಒಂದು ಕೈಯನ್ನು ಸೊಂಟದ ಮೇಲಿಟ್ಟು, ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಗಂಟಲು ಸರಿಮಾಡಿಕೊಂಡಳು.

"ಇಲ್ಲ," ಎಂದಳು ಕಿಡೆನ್. ದನಿ ಅವಳು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ನಮ್ಮಲ್ಲಿ ಅಂಥವರು ಯಾರೂ ಇಲ್ಲ. ಅದು ನಮ್ಮದಲ್ಲ. ಕೊಂಡದ್ದು."

ಯಾರೋ ನಗಲು ಶುರುಮಾಡಿ ನಿಲ್ಲಿಸಿದರು. ಲುಚಿಯಾಳ ಹಣೆಯ ಗಂಟು ಸಡಿಲವಾಯಿತು; ಅವಳು ಗೊಂದಲಗೊಂಡಂತೆ ಕಂಡಳು. "ಕೊಂಡದ್ದಾ? ಯಾರ ಹತ್ರ?"

ನೋಡಬಾರದು ಎಂದುಕೊಂಡರೂ ಕಿಡೆನ್‌ಳ ಕಣ್ಣು ಗೋಡೆಯ ಕಡೆಗೇ ಹೋಯಿತು. ಎಲ್ಲರ ಕಣ್ಣೂ ಅದನ್ನು ಹಿಂಬಾಲಿಸಿದವು. "ಈ ಅಜ್ಜಿ ಹತ್ರ," ಎಂದಳು. "ಆಚೆ ದಡದಿಂದ ಮಾರೋಕೆ ತರ್ತಾರೆ."

ಜೊಕುಡುವಿನ ಬಾಯಿ ಇನ್ನೂ ತೆರೆದೇ ಇತ್ತು. ಅದು ನಿಧಾನವಾಗಿ ಮುಚ್ಚಿಕೊಂಡಿತು. ಸೊಂಟದ ಮೇಲಿನ ಕೈ ಜಾರಿ ತೊಡೆಯ ಮೇಲೆ ಬಿತ್ತು.

"ಹೌದು ತಾಯಿ," ಎಂದಳು ಲುಚಿಯಾಳಿಗೆ. "ಮಾರೋಕೆ ತಂದಿದ್ದು."

ಅವ್ವ ಹಾಗೆ ಹೇಳಿದ ಬಗೆ ಎಷ್ಟು ಸಲೀಸಾಗಿತ್ತೆಂದರೆ, ಇಂಥದ್ದನ್ನು ಅವಳು ಈ ಮೊದಲೂ ಬೇರೆಯವರ ಮನೆಗಳಲ್ಲಿ ಹೇಳಿರಬಹುದೆಂದು ಕಿಡೆನ್‌ಗೆ ಹೊಳೆಯಿತು. ಅಪ್ಪನ ಅಣ್ಣಂದಿರ ಅಂಗಳದಲ್ಲಿ, ಯಾರೋ ಹೊಸಬರು ಬಂದಾಗ.

ಲುಚಿಯಾ ನಡುಪಟ್ಟಿಯನ್ನು ಮೊರಕ್ಕೆ ಇಳಿಸಿದಳು. ತಮಾಷೆಯ ದನಿ ಹೋಗಿ ಕೆಲಸದ ದನಿ ಬಂದಿತ್ತು. "ಹೋಗ್ಲಿ ಬಿಡಿ. ಕಟ್ಟೋರು ಯಾರು? ತಾಯಿಯ ತಾಯಿ ಅಲ್ವಾ ಕಟ್ಟಬೇಕಾದ್ದು. ಹುಡುಗಿ ಅಜ್ಜಿ ಎಲ್ಲಿ?"

ಊರಲ್ಲಿದ್ದಾಳೆ ಎನ್ನಬಹುದಿತ್ತು. ಎಂದರೆ ಯಾರನ್ನಾದರೂ ಮೋಟಾರ್ ಸೈಕಲ್ಲಿನಲ್ಲಿ ಕಳಿಸಿ ಕರೆತನ್ನಿ ಎನ್ನುತ್ತಾರೆ. ಅವಳು ಬದುಕಿರುವಾಗ ಬೇರೆಯವರು ಕಟ್ಟುವ ಹಾಗಿಲ್ಲ. ಕಾಯಿಲೆ ಎಂದರೆ ಯಾವ ಊರು, ಯಾವ ಮನೆ, ನೋಡಿ ಬರುತ್ತೇವೆ ಎನ್ನುತ್ತಾರೆ. ಕಿಡೆನ್ ಒಂದೊಂದೇ ದಾರಿಯನ್ನು ನೋಡುತ್ತ ಹೋದಳು, ಗಾಜಿನ ಪಟ್ಟಿಯನ್ನು ಸರಿಸಿ ಸರಿಸಿ ನೋಡುವ ಹಾಗೆ. ಎಲ್ಲ ಪ್ರಶ್ನೆಗಳೂ ಮುಚ್ಚಿಹೋಗುವ ಮಾತು ಒಂದೇ ಇತ್ತು.

"ತೀರ್ಕೊಂಡ್ರು," ಎಂದಳು.

ಅಡುಗೆಮನೆಯ ಬಾಗಿಲಲ್ಲಿ ರೆಜಿನಾ ನಿಂತಲ್ಲೇ ನಿಂತಳು. ಅವಳು ಕಿಡೆನ್‌ಳನ್ನು ನೋಡಲಿಲ್ಲ, ಜೊಕುಡುವನ್ನೂ ನೋಡಲಿಲ್ಲ. ಕೈಯಲ್ಲಿದ್ದ ನೀರಿನ ಜಗ್ಗನ್ನು ನೋಡಿದಳು.

ಲುಚಿಯಾ ನಾಲಿಗೆಯಿಂದ ಲೊಚಗುಟ್ಟಿದಳು. "ಯಾವಾಗ ಮಗಳೇ?"

"ಯುದ್ಧದಲ್ಲಿ."

"ಯಾರ ಮನೇನ ಬಿಡ್ತು ಅದು," ಎಂದಳು ಲುಚಿಯಾ. ಕೈ ಚಾಚಿ ಕಿಡೆನ್‌ಳ ಮಂಡಿಯ ಮೇಲಿಟ್ಟಳು. ಆ ಕೈ ಬೆಚ್ಚಗಿತ್ತು, ಒರಟಾಗಿತ್ತು. "ಹಂಗಾದ್ರೆ ನೀನೇ ಕಟ್ಟು. ಆದ್ರೆ ಕಟ್ಟೋಕೆ ಮುಂಚೆ ಬಾಲದಲ್ಲಿ ಒಂದು ಎಳೆ ಕಡೀಬೇಕು. ಸತ್ತೋರ ಪಾಲು ಸತ್ತೋರಿಗೆ ಕೊಡದೆ ಕಟ್ಟಿದ್ರೆ ಹಿಂದಿನಿಂದ ಎಳೀತಾನೇ ಇರ್ತಾರೆ. ಹುಡುಗಿಗೆ ಬಸುರು ನಿಲ್ಲಲ್ಲ. ಖಾರ್ಟೂಮಲ್ಲಿ ಇದನ್ನೆಲ್ಲ ನಿಮಗೆ ಯಾರು ಹೇಳ್ಕೊಡ್ತಾರೆ, ಪಾಪ."

"ಬೇಡ ಅತ್ತೆ, ಅದೆಲ್ಲ ಯಾಕೆ—"

"ಬೇಡ ಅನ್ನಬಾರದು ಕಣಮ್ಮ." ಲುಚಿಯಾ ಸುತ್ತ ನೋಡಿದಳು. "ಕಡಿಯೋರು ನಮ್ಮ ಕಡೆಯವರೂ ಆಗಬಾರದು, ನಿಮ್ಮ ಕಡೆಯವರೂ ಆಗಬಾರದು. ಅಜ್ಜೀ, ಬಾ ಇಲ್ಲಿ. ನೀನೇ ಸರಿ. ಎರಡು ಕಡೆಗೂ ಸೇರಿದೋಳಲ್ಲ ನೀನು."

ಜೊಕುಡು ಕೈಯೂರಿ ಎದ್ದಳು. ಅಂಗಾಲು ಎಳೆಯುತ್ತ ಬಂದು ಮೊರದ ಮುಂದೆ ಕೂತಳು. ಯಾರೋ ಚಾಕು ಕೊಟ್ಟರು. ಅವಳು ಚರ್ಮದ ಬಾಲವನ್ನು ತೊಡೆಯ ಮೇಲೆ ಹರವಿ ಎಳೆಗಳನ್ನು ಬಿಡಿಸತೊಡಗಿದಳು. ಬೆಳಿಗ್ಗೆ ತಾನೇ ಎಣ್ಣೆ ಹಚ್ಚಿ ಬಾಚಿದ್ದ ಎಳೆಗಳು. ಒಂದನ್ನು ಹಿಡಿದಳು, ಬಿಟ್ಟಳು. ಅಂಚಿನದು ಸವೆದಿದೆಯೆಂದು ಬಿಟ್ಟಳು. ಬಹಳ ಹೊತ್ತು ಆರಿಸಿ, ಕೊನೆಗೆ ನಡುವಿನಲ್ಲಿ ಮರೆಯಾಗಿದ್ದ, ಬಿಸಿಲು ಕಾಣದ್ದರಿಂದ ಇನ್ನೂ ಕೆಂಪಗಿದ್ದ ಒಂದನ್ನು ಬೆರಳಿಗೆ ಸುತ್ತಿಕೊಂಡಳು. ಅಲ್ಲಿ ಕಡಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ ಎನ್ನುವುದು ಕಿಡೆನ್‌ಗೆ ಮಾತ್ರ ಅರ್ಥವಾಯಿತು.

"ಹೆಸರು ಹೇಳಿ ಕಡೀಬೇಕು," ಎಂದಳು ಲುಚಿಯಾ. "ನಿಮ್ಮವ್ವನ ಹೆಸರೇನಮ್ಮ?"

ಬೇರೆ ಯಾವ ಹೆಸರೂ ಬಾಯಿಗೆ ಬರಲಿಲ್ಲ. ಬರಬೇಕಿತ್ತು, ಲೋಕದಲ್ಲಿ ಎಷ್ಟು ಹೆಸರುಗಳಿವೆ.

"ಜೊಕುಡು," ಎಂದಳು ಕಿಡೆನ್.

ಅವ್ವ ತಲೆ ಎತ್ತಿ ಅವಳನ್ನು ನೋಡಿದಳು. ಅದರಲ್ಲಿ ಕೋಪವಿರಲಿಲ್ಲ. ಏನಿತ್ತೆಂದು ಹೇಳಲು ಆಗುವಷ್ಟು ಹೊತ್ತು ಕಿಡೆನ್ ಆ ನೋಟವನ್ನು ತಾಳಲೂ ಇಲ್ಲ.

"ಜೊಕುಡು," ಎಂದಳು ಮುದುಕಿ, ಎಲ್ಲರಿಗೂ ಕೇಳುವಂತೆ, ಯಾರನ್ನೋ ಹೊಲದಾಚೆಯಿಂದ ಕರೆಯುವ ಹಾಗೆ. ಚಾಕು ಎಳೆದಳು. ಹಳೆಯ ಚರ್ಮ ಗಟ್ಟಿ. ಒಂದೇ ಏಟಿಗೆ ತುಂಡಾಗಲಿಲ್ಲ. ಮತ್ತೆ ಎಳೆದಳು.

ಲುಚಿಯಾ ಎಳೆಯನ್ನು ಸುರುಳಿ ಸುತ್ತಿ ಕಿಡೆನ್‌ಳ ಅಂಗೈಗೆ ಹಾಕಿ ಬೆರಳು ಮಡಚಿದಳು. "ಕತ್ತಲಾಗೋ ಮುಂಚೆ ನದಿಗೆ ಬಿಡು. ಮಗಳೇ ಬಿಡಬೇಕು. ಬೇರೆಯವರ ಕೈಲಿ ಕೊಡಬೇಡ."

ಆಮೇಲೆ ಒಳಕೋಣೆಯ ಬಾಗಿಲು ತೆರೆದು ಫ್ಲೋರಾಳನ್ನು ಕರೆತಂದರು. ಕೆಂಪು ಬಟ್ಟೆ, ತೋಳಿಗೆ ಎಣ್ಣೆ, ಕಣ್ಣಲ್ಲಿ ನಗು. ಅವಳಿಗೆ ಹೊರಗಿನ ಮಾತೊಂದೂ ಕೇಳಿಸಿರಲಿಲ್ಲ. ಒಳಗೆ ಗೆಳತಿಯರು ಹಾಡುತ್ತಿದ್ದರು. ಕಿಡೆನ್ ನಡುಪಟ್ಟಿಯನ್ನು ಎತ್ತಿಕೊಂಡು ಮಗಳ ಮುಂದೆ ಮಂಡಿಯೂರಿದಾಗ ಫ್ಲೋರಾ ಅಚ್ಚರಿಯಿಂದ, ಮತ್ತೆ ಗೋಡೆಗೆ ಸರಿದು ಕೂತಿದ್ದ ಜೊಕುಡುವಿನ ಕಡೆ ನೋಡಿದಳು.

"ಅಜ್ಜಿ, ನೀನು ಕಟ್ಟಲ್ವಾ?"

ಕಿಡೆನ್‌ಳ ಬೆರಳು ಗಂಟಿನ ಮೇಲೆ ನಿಂತಿತು. ಆದರೆ ಕೋಣೆಯಲ್ಲಿ ಯಾರೂ ಬೆಚ್ಚಲಿಲ್ಲ. ಹುಡುಗಿಯರು ಕಂಡ ಮುದುಕಿಯರನ್ನೆಲ್ಲ ಅಜ್ಜಿ ಎಂದೇ ಕರೆಯುವುದು.

"ನನ್ನ ಕೈ ನಡುಗುತ್ತೆ ಕಂದ," ಎಂದಳು ಜೊಕುಡು. "ನಿಮ್ಮಮ್ಮ ಗಟ್ಟಿಯಾಗಿ ಕಟ್ತಾಳೆ."

ಅವಳ ಕೈ ನಡುಗುತ್ತಿರಲಿಲ್ಲ. ಕಿಡೆನ್ ಕಟ್ಟಿದ ಗಂಟು ಎರಡು ಸಲ ಜಾರಿತು.

ಅಂಗಳದಲ್ಲಿ ಕುಣಿತ ಶುರುವಾಯಿತು. ಫ್ಲೋರಾ ಹೆಜ್ಜೆ ಹಾಕಿದಾಗಲೆಲ್ಲ ಹೆಣಿಗೆ ಸದ್ದು ಮಾಡುತ್ತಿತ್ತು, ಬಾಲ ಹಿಂದೆ ಹರಡಿ ಕೂಡಿಕೊಳ್ಳುತ್ತಿತ್ತು. ಸೊಕಿರಿಯ ಕಡೆಯ ಹೆಂಗಸರು ಮೆಚ್ಚಿ ಉಲಿ ಹಾಕಿದರು. ಅಂಗಳದ ತುಂಬ ಚಾಪೆಗಳು, ಜೋಳದ ಹಿಟ್ಟಿನ ಮುದ್ದೆ, ಕಡಲೆಕಾಯಿ ಅರೆದು ಹಾಕಿದ ಸೊಪ್ಪು, ಮೇಕೆಯ ಮಾಂಸ. ಮನೆಯವರ ಚಾಪೆಯಲ್ಲಿ ಮಾರಾಟಕ್ಕೆ ಬಂದವಳಿಗೆ ಜಾಗವಿಲ್ಲ. ನೀರಿಗೆಂದು ಹಿತ್ತಲಿಗೆ ಹೋದ ಕಿಡೆನ್, ಅವ್ವ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿರುವುದನ್ನು ಕಂಡಳು. ಮೇಲಿನ ಮೆಟ್ಟಿಲಲ್ಲಿ ರೆಜಿನಾ ಕೂತಿದ್ದಳು. ಮುದುಕಿಯ ಕಾಲು ಮಾತ್ರ ಡೋಲಿಗೆ ಸರಿಯಾಗಿ ನೆಲ ತಟ್ಟುತ್ತಿತ್ತು.

"ಇಲ್ಲಿದ್ದೀಯಾ," ಎಂದು ಲುಚಿಯಾ ಹಿಂದಿನಿಂದ ಬಂದು, ಕಿಡೆನ್‌ಳನ್ನು ನೀರಿನ ಹಂಡೆಯ ಪಕ್ಕಕ್ಕೆ ಕರೆದೊಯ್ದಳು. ಚುಂಗಾಣಿ ತೆಗೆದು ಬಾಯಲ್ಲಿಟ್ಟಳು, ಹಚ್ಚಲಿಲ್ಲ. "ಒಂದು ಮಾತು. ಆ ತಿದಿ ಮಾತಿಗೆ ನಿಂಗೆ ಬೇಜಾರಾಯ್ತಾ?"

"ಇಲ್ಲ ಅತ್ತೆ."

"ಆಗಿದೆ, ನಾನು ನೋಡ್ದೆ. ಅದು ಎಲ್ಲ ಮದುವೇಲೂ ಅನ್ನೋ ಮಾತು ಕಣಮ್ಮ. ಗಂಡಿನ ಕಡೆಯವರು ಹಂಗೆ ಹಂಗಿಸಬೇಕು, ಹೆಣ್ಣಿನ ಅಜ್ಜಿ ತಿರುಗಿ ಬೈಬೇಕು. ನನ್ನ ಮದುವೇಲಿ ನಮ್ಮತ್ತೆ ಇದೇ ಮಾತು ಅಂದಿದ್ದಕ್ಕೆ ನಮ್ಮಜ್ಜಿ, 'ಒತ್ತಿದ್ದೀವಿ ಕಣೇ, ನಾವು ತಿದಿ ಒತ್ತದಿದ್ರೆ ನಿನ್ನ ಮಗ ಉಗುರಲ್ಲಿ ನೆಲ ಕೆರಕೊಂಡು ಇರ್ತಿದ್ದ' ಅಂತ ಶುರು ಮಾಡಿದೋಳು ಕೋಳಿ ಗೂಡು ಸೇರೋವರೆಗೂ ಬಿಡ್ಲಿಲ್ಲ. ನಮ್ಮಜ್ಜಿ ಕುಲುಮೆ ಮುಖಾನೇ ನೋಡಿದೋಳಲ್ಲ." ಅವಳು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಇವತ್ತು ಬೈಸ್ಕೊಳ್ಳೋಕೆ ಅಂತಾನೇ ಬಂದಿದ್ದೆ ನಾನು. ನಿಮ್ಮವ್ವ ಇದ್ದಿದ್ರೆ ನನ್ನ ಚಳಿ ಬಿಡಿಸ್ತಿದ್ಲು ಅಲ್ವಾ?"

ಈಗ ಹೇಳಬಹುದಿತ್ತು. ಮೆಟ್ಟಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಆದರೆ ಈಗ ಹೇಳಬೇಕಾದದ್ದು ಬೆಳಿಗ್ಗೆ ಮುಚ್ಚಿಟ್ಟ ಸಂಗತಿಯಲ್ಲ. ಅವ್ವ ಕಮ್ಮಾರನ ಮಗಳು ಎನ್ನುವುದು ಈ ಹೊತ್ತಿಗೆ ಎಷ್ಟು ಹಗುರವಾಗಿತ್ತೆಂದರೆ, ಉಸುರಿದರೆ ಹಾರಿಹೋಗುವಂತಿತ್ತು. ಹೇಳಬೇಕಾದದ್ದು, ನಾನು ಬದುಕಿರುವ ನನ್ನ ಅವ್ವನನ್ನು ನಿಮ್ಮೆದುರು ಸಾಯಿಸಿ ಅವಳ ಕೈಯಲ್ಲೇ ಎಳೆ ಕಡಿಸಿದೆ ಎಂಬುದು. ಅದಕ್ಕೆ ಮಾತು ಹುಡುಕುತ್ತ ಕಿಡೆನ್ ಹಂಡೆಯ ನೀರನ್ನು ನೋಡಿದಳು.

"ಹೌದು," ಎಂದಳು. "ಬೈತಿದ್ಲು."

ಬಿಸಿಲು ಇಳಿಯುವ ಹೊತ್ತಿಗೆ ಬೀಗರು ಹುಡುಗಿಯನ್ನು ಕರೆದುಕೊಂಡು ಹೊರಟರು. ಫ್ಲೋರಾ ಎಲ್ಲರನ್ನೂ ತಬ್ಬಿಕೊಂಡು ಅತ್ತಳು. ಹಿತ್ತಲಿಗೂ ಓಡಿ ಹೋಗಿ ಬಂದಳು. ಅಜ್ಜಿ ಅವಳ ಕಿವಿಯಲ್ಲಿ ಏನೋ ಹೇಳಿರಬೇಕು, ವಾಪಸು ಬರುವಾಗ ಅಳುವಿನ ನಡುವೆಯೂ ನಗುತ್ತಿದ್ದಳು. ಡೋಲು ಬೀದಿಯ ತಿರುವಿನಲ್ಲಿ ಕರಗಿತು. ಲಾಕು ಗಂಡಸರ ಜೊತೆ ಕುರ್ಚಿ ಜೋಡಿಸುತ್ತಿದ್ದ. ಕಿಡೆನ್ ಹಿತ್ತಲಿಗೆ ಹೋದಾಗ ಜೊಕುಡು ಖಾಲಿ ಸೋರೆಬುರುಡೆಯನ್ನು ಬಟ್ಟೆಯಲ್ಲಿ ಕಟ್ಟಿ ಎದ್ದು ನಿಂತಿದ್ದಳು.

"ಎಲ್ಲಿಗವ್ವ? ಇರು, ಇನ್ನೊಂದು ವಾರ—"

"ಯಾರಾದ್ರೂ ಬಂದು ಕೇಳಿದ್ರೆ? ಮಾರೋಕೆ ಬಂದೋಳು ಎಷ್ಟು ದಿನ ಇರ್ತಾಳೆ?" ಗಂಟನ್ನು ತಲೆಯ ಮೇಲಿಟ್ಟುಕೊಂಡಳು. "ಸತ್ತೋಳಿಗೆ ಹೊಟ್ಟೆ ತುಂಬ ಊಟ ಹಾಕಿದ್ರಿ. ಸಾಕು. ನಡಿ, ದೋಣಿ ತಪ್ಪುತ್ತೆ."

ಇಬ್ಬರೂ ನದಿಯ ಕಡೆ ನಡೆದರು. ಮಾವಿನ ಮರಗಳ ಕೆಳಗೆ ದೂಳು ತಣ್ಣಗಾಗುತ್ತಿತ್ತು. ಅವ್ವ ಮುಂದೆ, ಕಿಡೆನ್ ಹಿಂದೆ. ಚಿಕ್ಕವಳಿದ್ದಾಗಲೂ ಹೀಗೇ ನಡೆಯುತ್ತಿದ್ದಳು, ಅವ್ವನ ಹಿಮ್ಮಡಿ ನೋಡುತ್ತ. ಎರಡು ಸಲ "ಅವ್ವ" ಎಂದಳು. ಎರಡು ಸಲವೂ ಜೊಕುಡು "ಹೂಂ" ಎಂದಳು.

ದಡದಲ್ಲಿ ಹಸಿಮೀನಿನ ವಾಸನೆ. ದೋಣಿಯವನು ಆಗಲೇ ನಾಲ್ಕಾರು ಜನರನ್ನು, ಒಂದು ಸೈಕಲ್ಲನ್ನು ಹತ್ತಿಸಿಕೊಂಡಿದ್ದ.

"ನೀನು ಏನು ಹೇಳ್ತಿದ್ದೆ ಅವ್ವ?" ಎಂದು ಕೇಳಿದಳು ಕಿಡೆನ್. "ಅವರು ತಿದಿ ಮಾತು ಆಡಿದಾಗ. ಏನು ನೆನೆಸ್ಕೊಂಡು ಬಂದಿದ್ದೆ?"

"ಈಗ್ಯಾಕೆ? ಬೈಸ್ಕೊಳ್ಳೋರು ಹೋದ್ರು." ಜೊಕುಡು ಗಂಟನ್ನು ದೋಣಿಯವನಿಗೆ ಕೊಟ್ಟಳು. "ಎಳೆ ಎಲ್ಲಿ?"

ಅದು ಬೆಳಗಿನಿಂದ ಕಿಡೆನ್‌ಳ ಕುಪ್ಪಸದ ಒಳಗಿತ್ತು. "ಅದನ್ನ ನದಿಗೆ ಬಿಡಲ್ಲ ನಾನು. ಮನೆಗೆ ಹೋಗಿ ಒಲೆಗೆ ಹಾಕ್ತೀನಿ."

"ಹಂಗೆಲ್ಲ ಮಾಡಬಾರದು." ಮೊದಲ ಸಲ ಅವ್ವನ ದನಿ ಗಡುಸಾಯಿತು. "ಕಡಿದಾಗಿದೆ, ಹೆಸರು ಹೇಳಿಯಾಗಿದೆ. ಉಳಿದಿದ್ದು ಹುಡುಗಿ ನಡುವಲ್ಲಿದೆ. ಹೇಳಿದ ಹಾಗೆ ಬಿಟ್ಟುಬಿಡು."

"ನೀನು ಬದುಕಿದೀಯವ್ವ."

"ಅದು ನಂಗೊತ್ತು," ಎಂದಳು ಜೊಕುಡು. ದೋಣಿಯವನು ಕೈ ಕೊಟ್ಟ. "ಹತ್ತಜ್ಜಿ, ಹತ್ತು." ಅವಳು ಬಟ್ಟೆ ಎತ್ತಿ ಹಿಡಿದು ಹತ್ತಿ, ಸೈಕಲ್ಲಿನ ಪಕ್ಕ ಹಿಂದಿನ ಹಲಗೆಯಲ್ಲಿ ದಡಕ್ಕೆ ಮುಖಮಾಡಿ ಕೂತಳು.

ದೋಣಿ ದಡ ಬಿಟ್ಟಿತು. ಕೂಗಿದರೆ ಕೇಳಿಸುವಷ್ಟು ದೂರ ಇರುವಾಗಲೇ ಅವ್ವ ಗದ್ದ ಎತ್ತಿ ನೀರಿನ ಕಡೆ ತೋರಿಸಿದಳು. ಬಿಡು.

ಕಿಡೆನ್ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಸುರುಳಿ ಬಿಚ್ಚಿ, ಎಳೆಯನ್ನು ನೀರಿಗೆ ಇಳಿಸಿದಳು. ಅಂಗೈಯಲ್ಲಿ ಕೆಮ್ಮಣ್ಣಿನ ಗೆರೆ ಉಳಿಯಿತು. ಎಳೆ ಮುಳುಗಲಿಲ್ಲ. ಅಷ್ಟು ವರ್ಷ ಎಣ್ಣೆ ಕುಡಿದ ಚರ್ಮ; ಬೆಳಿಗ್ಗೆಯ ಎಣ್ಣೆಯೂ ಇನ್ನೂ ಆರಿರಲಿಲ್ಲ. ನೀರು ಅದರ ಮೇಲೆ ನಿಲ್ಲದೆ ಮಣಿಮಣಿಯಾಗಿ ಜಾರಿತು. ಸೆಳೆತಕ್ಕೆ ಸಿಕ್ಕಿ ಮಾರುದ್ದ ದೂರ ಹೋಯಿತು, ನೆಟ್ಟಗಾಯಿತು, ಇನ್ನೇನು ಹೋಯಿತು ಎನ್ನುವಾಗ ದೋಣಿ ಎಬ್ಬಿಸಿದ ಅಲೆ ಬಂದು ಅದನ್ನು ತಿರುಗಿಸಿ, ಮೆಲ್ಲಗೆ ಅವಳ ಕಾಲಬುಡದ ಕಲ್ಲಿಗೆ ತಂದು ತಾಗಿಸಿತು.

ಅವಳು ಬೆರಳಿನಿಂದ ನೂಕಿದಳು. ಅದು ಒಂದು ಸುತ್ತು ಸುತ್ತಿ ಮತ್ತೆ ಬಂತು.

ನದಿಯ ನಡುವೆ ದೋಣಿ ಚಿಕ್ಕದಾಗುತ್ತಿತ್ತು. ಹಿಂದಿನ ಹಲಗೆಯಲ್ಲಿ ಕೂತವಳ ಮುಖ ಕಾಣುವಂತಿರಲಿಲ್ಲ. ತಲೆಯ ಮೇಲಿನ ಬಿಳಿಯ ಬಟ್ಟೆಯಷ್ಟೇ ಕಾಣುತ್ತಿತ್ತು. ಕಿಡೆನ್ ಕೈ ಚಾಚಿ ಇನ್ನೊಮ್ಮೆ ನೂಕಿದಳು.